ಸೌದ ಇರುವ ಊರು

ಮಸ್ಕತ್ತಿನಿಂದ ಅಮರಾತಿಗೆ ಹೋಗಬೇಕಾದರೆ ಕರಿಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯೊಂದನ್ನು ದಾಟಬೇಕು. ಆ ಗುಡ್ಡದ ಮೇಲೆ ಔಷಧಿಗೆ ಬೇಕೆಂದರೂ ಒಂದು ಹುಲ್ಲುಕಡ್ಡಿ ಸಿಗುವುದಿಲ್ಲ. ದಾಟಿದ ಮೇಲೆ ದೊಡ್ಡ ಬಯಲು. ಸರಕಾರ ಆ ಬಯಲನ್ನು ಅಳೆದು ತನ್ನ ಜನರಿಗೆ ನಿವೇಶನ ಹಂಚಿತು. ಪಟ್ಟಣದಲ್ಲಿ ಬಾಡಿಗೆ ಕೊಟ್ಟು ಬೇಸತ್ತವರೆಲ್ಲ ಬಂದು ಬಿಳಿ ಬಿಳಿ ಮನೆಗಳನ್ನು ಕಟ್ಟಿಕೊಂಡರು. ಮನೆಯ ಹಿಂದೆ ರಸ್ತೆ ಬಂತು, ರಸ್ತೆಯ ಹಿಂದೆ ಕರೆಂಟು ಬಂತು, ಮಸೀದಿ ಬಂತು, ಶಾಲೆ ಬಂತು. ನೀರು ಮಾತ್ರ ತಾನಾಗಿ ಬರಲಿಲ್ಲ. ಅದನ್ನು ನೀಲಿ ಟ್ಯಾಂಕರಿನಲ್ಲಿ ತುಂಬಿಕೊಂಡು ತರುತ್ತಿದ್ದವರಲ್ಲಿ ಉಪ್ಪಿನಂಗಡಿಯ ಉಮರಬ್ಬ ಒಬ್ಬ.

ನೇತ್ರಾವತಿಗೆ ಕುಮಾರಧಾರೆ ಬಂದು ಕೂಡುವ ಊರಿನಲ್ಲಿ ಹುಟ್ಟಿದವನು ನೀರಿಲ್ಲದ ಊರಿಗೆ ನೀರು ಹೊತ್ತು ಬದುಕಿದ ಎನ್ನುವುದು ಹಣೆಬರಹವೇ ಇರಬೇಕು. ಅವನ ಕೆಲಸ ಸುಲಭದ್ದಲ್ಲ. ಇಕ್ಕಟ್ಟು ಓಣಿಯಲ್ಲಿ ಗೋಡೆಗೆ ತಾಗದಂತೆ ಟ್ಯಾಂಕರನ್ನು ಹಿಂದಕ್ಕೆ ತರಬೇಕು, ಹಾರ್ನ್ ಹೊಡೆಯಬೇಕು, ಹೆಂಗಸರು ಒಳಗೆ ಸರಿದ ಮೇಲೆ ಪೈಪು ಎಳೆದುಕೊಂಡು ತಾರಸಿ ಹತ್ತಬೇಕು. ಅಮರಾತಿನ ಎಷ್ಟೋ ಮನೆಗಳ ತಾರಸಿ ಅವನಿಗೆ ಅಂಗೈ ಗೆರೆಯಷ್ಟು ಪರಿಚಯ. ಒಂದು ಮನೆಯ ಒಳಗೂ ಅವನು ಕಾಲಿಟ್ಟವನಲ್ಲ.

ಇನ್ನೊಬ್ಬರ ಮನೆಯ ಮಾತು ಹಾಗಿರಲಿ, ತನ್ನ ಮನೆಯಲ್ಲೂ ಅವನು ನೆಂಟನೇ. ಕರಾವಳಿಯ ಬ್ಯಾರಿಗಳಲ್ಲಿ ಮದುವೆಯಾದ ಹೆಣ್ಣು ತವರಲ್ಲೇ ಇರುವುದುಂಟು, ಅಲ್ಲಿ ಅಳಿಯನೆಂದರೆ ಅಳಿಯ. ಅವನು ಹೆಂಡತಿಯ ಮನೆಯ ಮೆಟ್ಟಿಲು ಹತ್ತಿದರೆ ಕೋಳಿಗಳಿಗೆ ಕೇಡುಗಾಲ. ಗಲ್ಫಿನಿಂದ ರಜೆಯಲ್ಲಿ ಬಂದ ಅಳಿಯನಾದರಂತೂ ಕೇಳುವುದೇ ಬೇಡ. ಉಮರಬ್ಬ ಎರಡು ವರ್ಷಕ್ಕೊಮ್ಮೆ ಹೋಗುತ್ತಿದ್ದ. ಅತ್ತೆ ಅಕ್ಕಿಹಿಟ್ಟಿನ ಪತ್ತಿರ್ ರೊಟ್ಟಿ ಸುಡುತ್ತಿದ್ದರು, ಭಾವಂದಿರು ಮೀನು ತರುತ್ತಿದ್ದರು, ಹೆಂಡತಿ ಸೌದ ಹೊಸ ಸೀರೆಯುಟ್ಟು ಬಾಗಿಲ ಸಂದಿಯಲ್ಲಿ ನಿಂತು ಅವನಿಗೆ ಇನ್ನೇನು ಬೇಕೆಂದು ಕಣ್ಣಲ್ಲೇ ಕೇಳುತ್ತಿದ್ದಳು. ಇಬ್ಬರಿಗೂ ಸಂಕೋಚ ಬಿಟ್ಟು ನಾಲ್ಕು ಮಾತಾಡುವ ಹದ ಬರುವಷ್ಟರಲ್ಲಿ ರಜೆ ಮುಗಿದು ಪೆಟ್ಟಿಗೆ ಕಟ್ಟುವ ಹೊತ್ತಾಗುತ್ತಿತ್ತು. ಮದುವೆಯಾಗಿ ಹತ್ತು ವರ್ಷ ಕಳೆದರೂ ಅವಳು ಅವನನ್ನು ಒಮ್ಮೆಯೂ ಬೈದಿರಲಿಲ್ಲ. ಬೈಯುವಷ್ಟು ಸಲಿಗೆ ಎಲ್ಲಿತ್ತು?

ಒಂದು ರಜೆಯಲ್ಲಿ ಮಗಳು ರಿಫಾ, ಅಜ್ಜಿಯ ಸೆರಗಿನ ಹಿಂದೆ ಅಡಗಿಕೊಂಡು, "ಈ ಬಾಪ ಯಾವಾಗ ಹೋಗೋದು?" ಎಂದು ಕೇಳಿದಳು. ಮನೆಮಂದಿಯೆಲ್ಲ ನಕ್ಕರು, ಉಮರಬ್ಬನೂ ನಕ್ಕ. ಆದರೆ ಅರ್ಧ ಊಟಕ್ಕೇ ಎದ್ದು ಕೈ ತೊಳೆದ. ಈ ನೆಂಟಸ್ತಿಕೆ ಸಾಕು, ಇನ್ನು ಸೌದ ಇರುವಲ್ಲಿ ನಾನು ಇರಬೇಕು, ನಾನಿರುವಲ್ಲಿ ಅವಳು ಇರಬೇಕು ಎಂದು ಅವನು ಅಂದೇ ನಿಶ್ಚಯ ಮಾಡಿದ. ಅವನ ಮುಂದಿನ ಬದುಕೆಲ್ಲ ಈ ಒಂದೇ ಆಸೆಯ ಕಥೆ.

ಟ್ಯಾಂಕರಿನ ಮಾಲೀಕ, ಅವನ ವೀಸಾಕ್ಕೆ ಜವಾಬ್ದಾರನಾದ ಕಫೀಲ್ ಖಲ್ಫಾನ್, ಗಟ್ಟಿ ಮಾತಿನ ಮೆದು ಮನಸ್ಸಿನ ಮನುಷ್ಯ. ವಿಷಯ ಕೇಳಿದವನೇ ಗಡ್ಡ ನೀವಿಕೊಂಡು ತನ್ನ ಹರಕು ಹಿಂದಿಯಲ್ಲಿ ಅಂದ:

"ಹೆಂಡತಿ ಅಲ್ಲಿ, ಗಂಡ ಇಲ್ಲಿ. ಇದೆಂಥ ಬಾಳು ಉಮರ್? ನನ್ನ ಮನೆಯ ಹಿಂದೆ ಎರಡು ಕೋಣೆ ಖಾಲಿ ಇದೆ. ಕರೆದುಕೊಂಡು ಬಾ. ವೀಸಾದ ಚಿಂತೆ ನನಗಿರಲಿ, ಖಲಾಸ್."

ಎರಡು ಸಾವಿರದ ಇಸವಿಯಲ್ಲಿ ಸೌದ, ರಿಫಾ ಬಂದಿಳಿದರು. ಕಣಿವೆ ದಾಟಿ ಅಮರಾತಿನ ಬಯಲು ಕಂಡಾಗ ಸೌದ ಕಿಟಕಿಯಿಂದ ಅತ್ತಿತ್ತ ನೋಡಿ, "ಮರ ಎಲ್ಲಿ ಉಂಟು?" ಎಂದು ಕೇಳಿದಳು. ಉಮರಬ್ಬ ದೂರದಲ್ಲಿದ್ದ ಒಂದು ಮುಳ್ಳುಮರವನ್ನು ತಾನೇ ನೆಟ್ಟವನಂತೆ ಹೆಮ್ಮೆಯಿಂದ ತೋರಿಸಿದ.

ಬಂದ ಹೊಸದರಲ್ಲಿ ಅವಳಿಗೆ ಅಭ್ಯಾಸ ತಪ್ಪಲಿಲ್ಲ. ಗಂಡ ಕೆಲಸದಿಂದ ಬಂದರೆ ನೆಂಟರು ಬಂದಂತೆ ಎದ್ದು ನಿಲ್ಲುತ್ತಿದ್ದಳು, ದಿನವೂ ಎರಡು ಬಗೆ ಪದಾರ್ಥ ಮಾಡುತ್ತಿದ್ದಳು. ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಎ.ಸಿ. ರಿಪೇರಿಯ ಲಿಗೋರಿಯ ಹೆಂಡತಿ ರೋಸಲಿಂಡ್, ಬಂಟ್ವಾಳದ ಕಡೆಯವಳು, ಇದನ್ನು ನೋಡಿ ನೋಡಿ ಒಂದು ದಿನ, "ಗಂಡನಿಗೆ ಹೀಗೆಲ್ಲ ಮಾಡಿದರೆ ತಲೆ ಮೇಲೆ ಕೂತ್ಕೊಳ್ತಾರೆ ಮಾರಾಯ್ತಿ" ಎಂದು ಬುದ್ಧಿ ಹೇಳಿದಳು. ಆ ಬುದ್ಧಿ ನಾಟಿತೋ, ಅಥವಾ ದಿನ ಹೋದಂತೆ ತಾನಾಗಿಯೇ ಆಯಿತೋ, ಒಂದು ಮಧ್ಯಾಹ್ನ ಉಮರಬ್ಬ ಗ್ರೀಸು ಮೆತ್ತಿದ ಕೈಯಿಂದ ಬಾಗಿಲು ತಳ್ಳಿದ್ದೇ ತಡ, ಒಳಗಿನಿಂದ ಸಿಡಿಲು ಬಂತು.

"ಎಷ್ಟು ಸಲ ಹೇಳೋದು ಕೈ ತೊಳ್ದು ಬಾಗಿಲು ಮುಟ್ಟಿ ಅಂತ? ಊರಿಗೆಲ್ಲ ನೀರು ಹಂಚ್ತೀರಿ, ನಿಮ್ಮ ಕೈಗೆ ಒಂದು ಚೆಂಬು ನೀರಿಲ್ವಾ?"

ಉಮರಬ್ಬ ಬಾಗಿಲಲ್ಲೇ ನಿಂತುಬಿಟ್ಟ. ಸೌದ ನಾಲಗೆ ಕಚ್ಚಿಕೊಂಡಳು. ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸಂಜೆ ಲಿಗೋರಿ ಸಿಕ್ಕಿದಾಗ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಹೇಳಿಯೇಬಿಟ್ಟ.

"ಇವತ್ತು ಅವಳು ನನಗೆ ಬೈದಳು ಮಾರಾಯ."

"ನನ್ನವಳು ನನಗೆ ದಿನಾ ಬೈತಾಳೆ. ನಾನು ಯಾರಿಗಾದ್ರೂ ಹೇಳಿದ್ದುಂಟಾ?" ಎಂದ ಲಿಗೋರಿ.

ಆ ಒಂದು ವರ್ಷ ಅವನು ಸುಖವಾಗಿದ್ದ. ರಿಫಾ ಶಾಲೆಗೆ ಹೋಗಿ ಇಂಗ್ಲಿಷಿನಲ್ಲಿ ಎದುರುತ್ತರ ಕೊಡಲು ಕಲಿತಳು. ಖಲ್ಫಾನನ ತಾಯಿ ಸೌದಳಿಗೆ ಒಣ ಖರ್ಜೂರ ಕೊಡುತ್ತಿದ್ದಳು, ಸೌದ ಆಕೆಗೆ ಪತ್ತಿರ್ ಕಳಿಸುತ್ತಿದ್ದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಮರುವರ್ಷ ಮಾರ್ಚ್ ತಿಂಗಳಲ್ಲಿ ಒಂದು ಶುಕ್ರವಾರ, ಜುಮ್ಮಾ ಮುಗಿಸಿ, ಉಮರಬ್ಬನ, ಲಿಗೋರಿಯ ಎರಡೂ ಸಂಸಾರದವರು ಖಲ್ಫಾನನಿಂದ ಕೇಳಿ ತಂದ ಪಿಕಪ್ಪಿನಲ್ಲಿ ಊರಾಚೆಯ ವಾದಿಗೆ ಬುತ್ತಿ ಕಟ್ಟಿಕೊಂಡು ಹೋದರು. ವಾದಿಯೆಂದರೆ ಮಳೆ ಬಂದಾಗ ಮಾತ್ರ ಹರಿಯುವ ಹೊಳೆ. ಉಳಿದ ದಿನ ಉರುಟು ಕಲ್ಲುಗಳ ಹಾಸು, ಅಷ್ಟೇ. ಸೌದ ಅದನ್ನು ನೋಡಿ, "ಇದಕ್ಕೂ ಹೊಳೆ ಅಂತಾರಾ? ನಮ್ಮ ನೇತ್ರಾವತಿ ಕೇಳಿದ್ರೆ ನಗ್ತಾಳೆ" ಎಂದಳು. ದಡದ ಮೇಲೆ ಚಾಪೆ ಹಾಸಿ ಉಂಡರು. ತಲೆಯ ಮೇಲೆ ಆಕಾಶ ತೊಳೆದಿಟ್ಟಷ್ಟು ನಿರ್ಮಲವಾಗಿತ್ತು. ದೂರದ ಬೆಟ್ಟದ ಮೇಲೆ ಮಾತ್ರ ಒಂದಿಷ್ಟು ಕಪ್ಪು ಕವಿದಿತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಊಟವಾದ ಮೇಲೆ ರೋಸಲಿಂಡ್ ರಿಫಾಳಿಗೆ ಜಡೆ ಹಾಕುತ್ತ ಕೂತಿದ್ದಳು, ಲಿಗೋರಿ ಪಿಕಪ್ಪಿನ ನೆರಳಲ್ಲಿ ಮಲಗಿದ್ದ. ಉಮರಬ್ಬ ಕೈ ತೊಳೆಯಲೆಂದು ಕ್ಯಾನು ಹಿಡಿದು ಕಲ್ಲುಹಾಸಿಗೆ ಇಳಿದ. ಆಗ ಕಂಡಿತು. ಕಲ್ಲುಗಳ ನಡುವೆ, ಕಂದು ಬಣ್ಣದ ಒಂದು ಎಳೆ ನೀರು, ಮುಂದೆ ಕಸಕಡ್ಡಿ ನೊರೆಯನ್ನು ತಳ್ಳಿಕೊಂಡು, ದಾರಿ ಕೇಳುತ್ತ ಬರುವವರ ಹಾಗೆ ಮೆಲ್ಲಗೆ ಬರುತ್ತಿತ್ತು.

ಹೊಸ ನೀರು! ಹೊಳೆಬದಿಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಹೊಳೆಗೆ ಮೊದಲ ಕೆಂಪು ನೀರು ಬಂದಿತೆಂದರೆ ಉಪ್ಪಿನಂಗಡಿಯಲ್ಲಿ ಯಾರೂ ಮನೆಯೊಳಗೆ ಇರುತ್ತಿರಲಿಲ್ಲ. ಮೀನು ಪ್ರವಾಹಕ್ಕೆ ಎದುರಾಗಿ ಹತ್ತುತ್ತವೆ, ಗಂಡಸರು ಬುಟ್ಟಿ ಬಲೆ ಹಿಡಿದು ಓಡುತ್ತಾರೆ, ಹೆಂಗಸರು ಪಾದ ನೆನೆಸಿಕೊಳ್ಳಲು ಇಳಿಯುತ್ತಾರೆ. ಹೊಸ ನೀರಿಗೆ ಹೆದರಿ ಓಡುವವರನ್ನು ಉಮರಬ್ಬ ಹುಟ್ಟಿದಾರಭ್ಯ ಕಂಡಿರಲಿಲ್ಲ. ನೆರೆ ಬರುವುದಿದ್ದರೆ ಮೊದಲು ವಾರಗಟ್ಟಲೆ ತಲೆಯ ಮೇಲೆ ಮಳೆ ಹೊಯ್ಯಬೇಕು, ಹೊಳೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು, ಊರಿಗೆ ಊರೇ ನಿಂತು ನೋಡಬೇಕು. ನೀರಿನ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ಅದು. ಸುಳ್ಳೇನಲ್ಲ, ಆದರೆ ಅದು ಬೇರೆ ದೇಶದ ನೀರಿನ ವಿಷಯ.

"ಸೌದಾ! ಓ ಸೌದಾ! ಬಾ ಬಾ, ಹೊಸ ನೀರು ಬಂತು!"

ಅವಳು ಸೀರೆ ಎತ್ತಿ ಕಟ್ಟಿಕೊಂಡು ಹುಡುಗಿಯ ಹಾಗೆ ಓಡಿ ಬಂದಳು. ಇಬ್ಬರಿಗೂ ಈಜು ಗೊತ್ತು, ಹೆದರಿಕೆಯೆಂಬುದೇ ಇಲ್ಲ. ನೀರು ಪಾದ ಮುಟ್ಟಿದಾಗ ಅವಳು, "ಎಷ್ಟು ತಂಪುಂಟು ನೋಡಿ!" ಎಂದು ಕೂಗಿದಳು. ಆಚೆಯ ಗುಡ್ಡದ ಮೇಲಿನಿಂದ ಆಡು ಮೇಯಿಸುವ ಮುದುಕನೊಬ್ಬ ಎರಡೂ ಕೈ ಬೀಸಿ ಏನೋ ಅರಚುತ್ತಿದ್ದ. ಉಮರಬ್ಬ ತಾನೂ ನಗುತ್ತ ಅವನಿಗೆ ಕೈ ಬೀಸಿದ. ಅವನ ಜನ್ಮದಲ್ಲಿ ಅದಕ್ಕಿಂತ ದೊಡ್ಡ ದಡ್ಡತನ ಇನ್ನೊಂದಿಲ್ಲ.

ಬೆಟ್ಟದಲ್ಲಿ ಸುರಿದ ಮಳೆ ತಿರುವು ದಾಟಿ ಒಮ್ಮೆಲೇ ಬಂತು. ಅದು ನೀರಾಗಿರಲಿಲ್ಲ, ಕಲ್ಲು ಮಣ್ಣು ಮರ ಎಲ್ಲ ಸೇರಿ ಉರುಳುತ್ತ ಬಂದ ಗೋಡೆ. ಅದರಲ್ಲಿ ಈಜು ಎಂಬ ಮಾತಿಲ್ಲ. ಉಮರಬ್ಬನನ್ನು ಅದು ದಡಕ್ಕೆ ಬಿಸಾಡಿತು, ಅವನ ಕೈ ಯಾವುದೋ ಬೇರಿಗೆ ಸಿಕ್ಕಿತು. ಸೌದ ಎಲ್ಲೆಂದು ತಿರುಗಿ ನೋಡಿದಾಗ ಅಲ್ಲಿ ಯಾರೂ ಇರಲಿಲ್ಲ. ದಡದ ಮೇಲಿಂದ ರಿಫಾ ಕಿರುಚುವುದು ಮಾತ್ರ ಕೇಳುತ್ತಿತ್ತು.

ಸಂಜೆ ಕೆಳಗಿನ ಹಳ್ಳಿಯವರಿಗೆ ಸೌದ ಸಿಕ್ಕಿದಳು. ಮರುದಿನ ಪೊಲೀಸು, ಆಸ್ಪತ್ರೆ ಎಲ್ಲ ಮುಗಿದ ಮೇಲೆ ಖಲ್ಫಾನ್ ಉಮರಬ್ಬನ ಹೆಗಲ ಮೇಲೆ ಕೈಯಿಟ್ಟು, "ಊರಿಗೆ ಕಳಿಸುವುದಾದರೆ ವ್ಯವಸ್ಥೆ ಮಾಡುತ್ತೇನೆ. ಇಲ್ಲೇ ಮಣ್ಣು ಮಾಡುವುದಾದರೂ ಸರಿ. ನೀನು ಹೇಳು" ಎಂದ. ಉಮರಬ್ಬ ಯೋಚಿಸಲೇ ಇಲ್ಲ. ಎಷ್ಟೋ ವರ್ಷ ಕಾದು ಕರೆಸಿಕೊಂಡವಳನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ ವಾಪಸು ಕಳಿಸುವುದೇ?

"ಇಲ್ಲೇ ಇರಲಿ" ಎಂದ.

ಖಲ್ಫಾನನ ತಾಯಿ ಮನೆಯ ಹೆಂಗಸರೊಂದಿಗೆ ಬಂದು ಸ್ವಂತ ಮಗಳಿಗೆ ಮಾಡುವ ಹಾಗೆ ಮಯ್ಯತ್ತಿನ ಕೊನೆಯ ಸ್ನಾನ ಮಾಡಿಸಿದಳು. ಅಮರಾತಿನ ಇಳಿಜಾರಿನ ಖಬರಸ್ಥಾನದಲ್ಲಿ ಇಳಿಹೊತ್ತಿನ ಅಸರ್ ನಮಾಜಿನ ಮೇಲೆ ಮಣ್ಣು ಮಾಡಿದರು. ಅಲ್ಲಿಯ ಪದ್ಧತಿಯಲ್ಲಿ ಗೋರಿಯ ಮೇಲೆ ಹೆಸರಿಲ್ಲ, ಬರಹವಿಲ್ಲ. ಗಂಡಸಾದರೆ ಎರಡು ಕಲ್ಲು, ಹೆಂಗಸಾದರೆ ಮೂರು. ಸೌದಳಿಗೆ ಮೂರು ಕಲ್ಲು ನೆಟ್ಟರು. ಉಪ್ಪಿನಂಗಡಿಯಿಂದ ಅತ್ತೆ ಫೋನಿನಲ್ಲಿ, "ನನ್ನ ಮಗಳ ಮುಖವನ್ನಾದರೂ ತೋರಿಸಬಾರದಿತ್ತಾ?" ಎಂದು ಅತ್ತರು.

ತಾಯಿ ಇಲ್ಲದ ಹೆಣ್ಣುಮಗುವಿಗೆ ತಾಯಿಯ ಮನೆಯೇ ಗತಿ ಎಂಬುದು ಅವರಲ್ಲಿ ಎಲ್ಲರೂ ಹೇಳುವ ಮಾತು. ಬೆಳಗಿನಿಂದ ಸಂಜೆಯವರೆಗೆ ಟ್ಯಾಂಕರಿನ ಮೇಲಿರುವವನು ಅದನ್ನು ಅಲ್ಲವೆನ್ನುವುದು ಹೇಗೆ? ರಜೆಯಲ್ಲಿ ಊರಿಗೆ ಹೊರಟ ರೋಸಲಿಂಡ್ ರಿಫಾಳನ್ನು ಜೊತೆಗೆ ಕರೆದುಕೊಂಡು ಹೋದಳು. ವಿಮಾನ ನಿಲ್ದಾಣದಲ್ಲಿ ಹುಡುಗಿ ಅಳಲಿಲ್ಲ. ಅಪ್ಪನ ಅಂಗಿಯ ತುದಿ ಹಿಡಿದುಕೊಂಡು ಕೇಳಿದಳು:

"ಬಾಪ, ಉಮ್ಮ ಇಲ್ಲಿ ಒಬ್ಬಳೇ ಆಗ್ತಾಳಾ?"

"ನಾನು ಇದ್ದೇನಲ್ಲ ಮಗಾ. ನಾನು ಎಲ್ಲಿಗೂ ಹೋಗುವುದಿಲ್ಲ."

ಹೋಗಲೂ ಇಲ್ಲ. ದೂರದ ನಿಜ್ವಾ ಊರಿನಲ್ಲಿ ದೊಡ್ಡ ಲಾರಿ ಓಡಿಸುವ ಕೆಲಸ ಬಂತು, ಒಲ್ಲೆನೆಂದ. ಊರಿನಲ್ಲಿ ಅಂಗಡಿ ಹಾಕು, ಮಗಳ ಕಣ್ಣೆದುರು ಇರು ಎಂದು ತಮ್ಮಂದಿರು ಕರೆದರು, ಒಲ್ಲೆನೆಂದ. ಅವನಿಗೆ ತಲೆ ಕೆಟ್ಟಿದೆಯೆಂದು ಕೆಲವರು ಆಡಿಕೊಂಡರು. ಆಡುವವರ ಬಾಯಿಗೆ ಬೀಗ ಇದೆಯೇ? ಪ್ರತಿ ಶುಕ್ರವಾರ ಅವನು ಸೌದಳ ಗೋರಿಯ ತಲೆಯ ಬಳಿ ಕೂತು ಕುರಾನಿನ ಯಾಸೀನ್ ಅಧ್ಯಾಯ ಓದುತ್ತಿದ್ದ. ಓದು ಮುಗಿದ ಮೇಲೆ ಆ ವಾರದ ಸುದ್ದಿ ಹೇಳುತ್ತಿದ್ದ: ಯಾವ ಓಣಿಯಲ್ಲಿ ಹೊಸ ಮನೆ ಬಂತು, ಖಲ್ಫಾನನ ತಾಯಿಗೆ ಮಂಡಿನೋವು ಹೇಗಿದೆ, ರಿಫಾ ಎಷ್ಟನೆಯ ಕ್ಲಾಸು. ಆಮೇಲೆ ರಿಫಾಳಿಗೆ ಫೋನು ಮಾಡಿ, "ಇವತ್ತು ಉಮ್ಮನ ಹತ್ತಿರ ಹೋಗಿದ್ದೆ" ಎನ್ನುತ್ತಿದ್ದ. ಅಪ್ಪ ಮಗಳ ಮಾತು ಶುರುವಾಗುವುದೇ ಹಾಗೆ.

ಒಮ್ಮೆ ಊರಿಗೆ ಹೋಗಿ ಬರುವಾಗ ಮದರಂಗಿಯ ಗೆಲ್ಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದ. ಅವನ ಊರ ಕಡೆ ಗೋರಿಯ ತಲೆಗೆ ಮದರಂಗಿ ನೆಡುವುದುಂಟು. ಗಿಡ ಹಸಿರಾಗಿ ಇರುವಷ್ಟು ಕಾಲ ಒಳಗಿರುವವರಿಗೆ ತಂಪು ಎಂದು ನಂಬಿಕೆ. ಅಮರಾತಿನಲ್ಲಿ ಅಂಥ ಪದ್ಧತಿ ಇಲ್ಲ. ಖಲ್ಫಾನ್ ಗಿಡವನ್ನು ನೋಡಿದ, ಉಮರಬ್ಬನ ಮುಖವನ್ನು ನೋಡಿದ, "ನಾನು ಇದನ್ನು ನೋಡಿಲ್ಲ" ಎಂದು ಹೇಳಿ ಹೋದ. ಟ್ಯಾಂಕರಿನ ನೀರು ಕುಡಿದು ಗಿಡ ಮೊಳಕಾಲೆತ್ತರ ಬೆಳೆಯಿತು. ಕಂದು ಮಣ್ಣಿನ ಇಡೀ ಖಬರಸ್ಥಾನದಲ್ಲಿ ಅದೊಂದೇ ಹಸಿರು. ಅದಿದ್ದ ಮೇಲೆ ಬೇರೆ ಗುರುತು ಇಟ್ಟುಕೊಳ್ಳುವ ಅಗತ್ಯ ಅವನಿಗೆ ಕಾಣಲಿಲ್ಲ.

ಎರಡು ಸಾವಿರದ ಏಳರ ಜೂನ್‌ನಲ್ಲಿ ಗೋನು ಚಂಡಮಾರುತ ಬಂತು. ಅಮರಾತಿನ ವಾದಿಗಳೆಲ್ಲ ಒಟ್ಟಿಗೆ ಉಕ್ಕಿದವು, ರಸ್ತೆಗಳು ಕೊಚ್ಚಿಹೋದವು. ಮಳೆ ನಿಂತ ಮೇಲೆ ಇನ್ನೊಂದು ಆಪತ್ತು. ಕಡಲ ನೀರನ್ನು ಸಿಹಿ ಮಾಡುವ ಸ್ಥಾವರಗಳು ನಿಂತು, ಇಡೀ ಮಸ್ಕತ್ತಿನಲ್ಲಿ ಕುಡಿಯಲು ನೀರಿಲ್ಲ. ಎಲ್ಲೆಲ್ಲಿಂದಲೋ ಬಾವಿ ನೀರು ತುಂಬಿ ತರುವ ಟ್ಯಾಂಕರ್ ಡ್ರೈವರುಗಳನ್ನು ಜನ ದೇವದೂತರ ಹಾಗೆ ಕಾಯತೊಡಗಿದರು. ಉಮರಬ್ಬನ ಮನಸ್ಸೆಲ್ಲ ಖಬರಸ್ಥಾನದ ಮೇಲೆ. ಆದರೆ ಅವನ ಗಾಡಿ ಎಲ್ಲಿ ಕಂಡರೂ ಕೊಡ, ಕ್ಯಾನು, ಅಡುಗೆಯ ಪಾತ್ರೆ ಹಿಡಿದು ಜನ ಅಡ್ಡ ನಿಲ್ಲುತ್ತಿದ್ದರು. ಕಂಕುಳಲ್ಲಿ ಕೂಸು ಎತ್ತಿಕೊಂಡು "ಭಾಯ್, ಪಾನಿ" ಎನ್ನುವವರ ಮುಖ ನೋಡಿ, ನನಗೆ ಹೆಂಡತಿಯ ಗೋರಿ ನೋಡುವುದಿದೆ ಎಂದು ಹೇಳುವುದು ಹೇಗೆ? ನಾಳೆ ಹೋಗುವೆ, ನಾಳೆ ಹೋಗುವೆ ಎನ್ನುತ್ತ ವಾರ ಕಳೆಯಿತು.

ಹೋದಾಗ ಇಳಿಜಾರು ಇರಲಿಲ್ಲ. ಮೇಲಿನ ಮಣ್ಣು ಕೆಳಗಿಳಿದು ಎಲ್ಲ ಒಂದೇ ಸಮನಾಗಿತ್ತು. ಊರಿನ ಸಂಸಾರಗಳು ಮೊದಲ ದಿನಗಳಲ್ಲೇ ಗುದ್ದಲಿ ಹಿಡಿದು ಬಂದು, ಅಜ್ಜನ ಪಕ್ಕ ಅಜ್ಜಿ, ಚಿಕ್ಕಪ್ಪನ ಪಕ್ಕ ಮಗ ಎಂದು ನೆನಪು ಮಾಡಿಕೊಂಡು ತಮ್ಮವರ ಗೋರಿಗಳನ್ನು ಸರಿಪಡಿಸಿ ಹೋಗಿದ್ದರು. ಕೇಳುವವರಿಲ್ಲದ್ದನ್ನು ಕೂಡ ಹಾಗೇ ಬಿಟ್ಟಿರಲಿಲ್ಲ. ಮಸೀದಿಯ ಜನ ಅಂದಾಜಿನ ಮೇಲೆ ಸಾಲಾಗಿ ದಿಬ್ಬ ಮಾಡಿ, ಕೆಲವಕ್ಕೆ ಎರಡು, ಕೆಲವಕ್ಕೆ ಮೂರು ಕಲ್ಲು ಇಟ್ಟಿದ್ದರು.

"ಇಲ್ಲೊಂದು ಗಿಡ ಇತ್ತು" ಎಂದ ಉಮರಬ್ಬ ಅಲ್ಲಿದ್ದ ಒಬ್ಬರಿಗೆ.

"ಗಿಡವೇ? ಖಬರಸ್ಥಾನದಲ್ಲಿ ಗಿಡ ಎಲ್ಲಿಯದು?" ಎಂದರು ಅವರು.

ಅವನು ಮಂಡಿಯೂರಿ ಬೇರಾದರೂ ಸಿಕ್ಕೀತೆಂದು ಕೈಯಿಂದ ಮಣ್ಣು ಕೆದಕಿದ. ಒಳಗಿರುವವರಿಗೆ ನೋವಾದೀತೆಂದು ಹೆದರಿ ನಿಲ್ಲಿಸಿದ. ಎಲ್ಲರ ಹಾಗೆ ಮೊದಲ ದಿನಗಳಲ್ಲೇ ಬಂದಿದ್ದರೆ ಎನ್ನುವ ಮಾತು ಆಮೇಲೆ ಅವನನ್ನು ಬಿಡಲಿಲ್ಲ. ಲಿಗೋರಿಗೆ ಮಾತ್ರ ಹೇಳಿಕೊಂಡ.

"ದೇವರಿಗೆ ಗೊತ್ತುಂಟಲ್ಲ ಮಾರಾಯ, ಅಷ್ಟು ಸಾಕಲ್ವಾ?" ಎಂದ ಲಿಗೋರಿ.

"ದೇವರಿಗೆ ಗೊತ್ತುಂಟು. ನನಗೆ ಗೊತ್ತಿಲ್ಲದ್ದೇ ಸಂಕಟ."

ಶುಕ್ರವಾರ ಹೋಗುವುದನ್ನು ಅವನು ಬಿಡಲಿಲ್ಲ. ಗೇಟಿನ ಬಳಿ ನಿಂತು ಎಲ್ಲರಿಗೂ ಸೇರಿಸಿ ಓದುತ್ತಿದ್ದ. ವಾರದ ಸುದ್ದಿ ಹೇಳುವುದು ನಿಂತಿತು, ಯಾರ ಕಡೆ ಮುಖ ಮಾಡಿ ಹೇಳುವುದು? ಫೋನಿನಲ್ಲಿ ಮಾತ್ರ ಮೊದಲಿನಂತೆ, "ಇವತ್ತು ಉಮ್ಮನ ಹತ್ತಿರ ಹೋಗಿದ್ದೆ" ಎನ್ನುತ್ತಿದ್ದ. ಆ ಕಡೆಯಿಂದ ರಿಫಾ, "ಗಿಡ ಹೇಗುಂಟು ಬಾಪ?" ಎಂದರೆ, "ಉಂಟು, ಉಂಟು" ಎನ್ನುತ್ತಿದ್ದ.

ಎರಡು ವರ್ಷದ ಮೇಲೆ ರಿಫಾಳ ಮದುವೆಯಾಯಿತು. ಹುಡುಗ ಫಾರಿಸ್ ಒಮಾನಿನ ಉತ್ತರ ತುದಿಯ ಖಸಬಿನ ಬಂದರಿನಲ್ಲಿ ಅಂಗಡಿ ಇಟ್ಟವನು, ಸಾಧು. ಹೆಂಡತಿಯನ್ನು ಮದುವೆಯಾದ ವರ್ಷವೇ ಜೊತೆಗೆ ಕರೆದುಕೊಂಡು ಬರುತ್ತೇನೆಂದು ಅವನು ಹೇಳಿದಾಗ ಉಮರಬ್ಬ ಅಳಿಯನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಚಳಿಗಾಲದಲ್ಲಿ ಇಬ್ಬರೂ ಮಸ್ಕತ್ತಿಗೆ ಬಂದಿಳಿದರು. ರಿಫಾ ಬಾಗಿಲೊಳಗೆ ಬಂದವಳೇ ಹೇಳಿದ ಮೊದಲ ಮಾತು:

"ಖಸಬಿಗೆ ಹೋಗುವ ಮೊದಲು ಉಮ್ಮನಿಗೆ ಸಲಾಂ ಹೇಳಬೇಕು ಬಾಪ."

ಉಮರಬ್ಬ ತಪ್ಪಿಸಿಕೊಳ್ಳಲು ನೋಡಿದ. ಪ್ರಯಾಣದ ಆಯಾಸ ಎಂದ, ನಾಳೆ ನೋಡುವ ಎಂದ, ಟ್ಯಾಂಕರ್ ರಿಪೇರಿಗಿದೆ ಎಂದ. ಫಾರಿಸ್ ಪಾಪ, "ಟ್ಯಾಕ್ಸಿಯಲ್ಲಿ ಹೋಗುವ ಮಾಮ, ಯಲ್ಲಾ" ಎಂದುಬಿಟ್ಟ. ಸತ್ಯ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಅವನು ಬಾಯಿ ತೆರೆದ, ಮುಚ್ಚಿದ. ಹಿಂದಿನ ಸೀಟಿನಲ್ಲಿ ಕೂತವಳ ಮುಖ ಕನ್ನಡಿಯಲ್ಲಿ ಕಾಣುತ್ತಿತ್ತು. ಅದು ಸೌದಳ ಮುಖ. ಆ ಮುಖಕ್ಕೆ, ನಿನ್ನ ಉಮ್ಮನನ್ನು ನಾನು ಕಳೆದುಕೊಂಡೆ ಎಂದು ಎರಡನೆಯ ಸಲ ಹೇಳುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು?

ಹೆಂಗಸರು ಖಬರಸ್ಥಾನದೊಳಗೆ ಹೋಗುವ ವಾಡಿಕೆ ಅವರಲ್ಲಿಲ್ಲ. ರಿಫಾ ಮೋಟು ಗೋಡೆಯ ಹೊರಗೆ ನಿಂತಳು. ಶಾಲಿನಿಂದ ತಲೆ ಮುಚ್ಚಿಕೊಂಡು, ಮೂರು ಕಲ್ಲು ಎರಡು ಕಲ್ಲುಗಳ ಆ ಉದ್ದ ಸಾಲುಗಳನ್ನು ಒಂದೊಂದಾಗಿ ನೋಡಿದಳು.

"ಗಿಡ ಕಾಣುವುದಿಲ್ಲ?"

"ಗೋನು ಬಂದಾಗ ಹೋಯಿತು ಮಗಾ."

"ಹೋಗಲಿ ಬಿಡಿ. ಯಾವುದು, ಬಾಪ?"

ಅವನು ಸಾಲುಗಳ ಕಡೆಗೆ ಅಂದಾಜಿನಲ್ಲಿ ಕೈ ತೋರಿಸಿದ.

"ನೀವು ಉಮ್ಮನ ಹತ್ತಿರ ಹೋಗಿ ನಿಲ್ಲಿ. ನಾನು ಇಲ್ಲಿಂದಲೇ ನೋಡ್ತೇನೆ."

ಉಮರಬ್ಬ ಗೇಟು ತಳ್ಳಿ ಒಳಗೆ ಹೋದ. ಮೊದಲ ಸಾಲು ದಾಟಿದ, ಎರಡನೆಯದನ್ನು ದಾಟಿದ. ಮಗಳ ಕಣ್ಣು ಬೆನ್ನ ಮೇಲಿತ್ತು. ನಡೆಯುತ್ತಲೇ ಇರುವ ಹಾಗಿಲ್ಲ, ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಸೌದಾ, ಒಂದು ಸಲ ಬೈಯಿ, ಇಲ್ಲಿದ್ದೇನೆ ಅನ್ನು ಎಂದು ಒಳಗೊಳಗೇ ಬೇಡಿಕೊಂಡ. ಗಾಳಿಯೂ ಇರಲಿಲ್ಲ. ಕೊನೆಗೆ ಮೂರು ಕಲ್ಲಿನ ಒಂದು ಗೋರಿಯ ಪಕ್ಕದಲ್ಲಿ ನಿಂತ.

ಗೋಡೆಯಾಚೆ ರಿಫಾ ಎರಡೂ ಕೈಯೆತ್ತಿ, "ಉಮ್ಮಾ" ಎಂದು ಕರೆದಳು. ವರ್ಷಗಟ್ಟಲೆ ಕೂಡಿಟ್ಟಿದ್ದ ಅಳು ಕಟ್ಟೆಯೊಡೆದು ಬಂತು. ತನ್ನ ಮದುವೆಯ ಸುದ್ದಿ, ಅಜ್ಜಿ ತೀರಿಹೋದ ಸುದ್ದಿ, ಎಲ್ಲವನ್ನೂ ಬಿಕ್ಕುತ್ತ ಹೇಳತೊಡಗಿದಳು. ಉಮರಬ್ಬನ ಕೈ ದುವಾಕ್ಕೆ ಏಳಲಿಲ್ಲ. ಅವನು ಬಗ್ಗಿ, ಮಗಳಿಗೆ ಕೇಳಿಸದ ಹಾಗೆ, ಆ ಮೂರು ಕಲ್ಲುಗಳಿಗೆ ಹೇಳಿದ:

"ನೀವು ಯಾರ ಮನೆಯವರೋ ನನಗೆ ಗೊತ್ತಿಲ್ಲಮ್ಮ. ಅಲ್ಲಿ ನನ್ನ ಮಗಳು ಅಳ್ತಾ ಇದ್ದಾಳೆ. ಸ್ವಲ್ಪ ಹೊತ್ತು ಕೇಳಿಸಿಕೊಳ್ಳಿ."